ಮೂರು ಸಲ ಕೈಕೊಟ್ಟ ಇಟ್ಟಿಗೆ ಗೂಡು: ಬುಕರ್ ಟಿ. ವಾಷಿಂಗ್ಟನ್ ಬದುಕು

ಥರ್ಡ್ ಸೆಮ್ ಶುರುವಾದಾಗ ನಮ್ಮ ಕ್ಲಾಸಿಗೆ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಕೆಲವರು ಬಂದರು. ವರ್ಕ್‌ಶಾಪಿನಲ್ಲಿ ಅವರ ಕೈಚಳಕ ನೋಡಬೇಕು. ನಾವು ಲೇತ್ ಮುಂದೆ ನಿಂತು ಟೂಲ್ ಹೇಗೆ ಸೆಟ್ ಮಾಡೋದು ಅಂತ ತಲೆ ಕೆರೆದುಕೊಳ್ತಾ ಇದ್ರೆ, ಅವರು ಜಾಬ್ ಮುಗಿಸಿ ಕೈ ಒರೆಸಿಕೊಳ್ತಾ ಇರ್ತಾರೆ. ಆದರೆ ಮ್ಯಾಥ್ಸ್ ಕ್ಲಾಸಿನಲ್ಲಿ ಇಂಗ್ಲಿಷ್ ಲೆಕ್ಚರ್ ಶುರುವಾದ ತಕ್ಷಣ ಅದೇ ಗೆಳೆಯರು ಕೊನೆ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತುಬಿಡ್ತಾರೆ. ಅವರಲ್ಲಿ ಒಬ್ಬ ಮೊದಲ ಇಂಟರ್ನಲ್ಸ್ ಆದ ಮೇಲೆ ಬರುವುದನ್ನೇ ನಿಲ್ಲಿಸಿದ. ಮನೆಯಲ್ಲಿ ದುಡ್ಡಿನ ತೊಂದರೆ, ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದಾನೆ ಅಂತ ಆಮೇಲೆ ಗೊತ್ತಾಯ್ತು. ಅಷ್ಟು ದಿನ ನಾವು ಯಾರೂ ಅವನಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ.

ಅದೇ ದಿನಗಳಲ್ಲಿ ನಾವು ಬುಕರ್ ಟಿ. ವಾಷಿಂಗ್ಟನ್ ಬಗ್ಗೆ ಓದ್ತಾ ಇದ್ವಿ. ಹೆಸರು ನಮ್ಮಲ್ಲಿ ಕೆಲವರಿಗೆ ಸ್ಕೂಲ್ ಇಂಗ್ಲಿಷ್ ಪಾಠದಿಂದ ಗೊತ್ತಿತ್ತು, ಅಷ್ಟೆ. ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಯಾವ ಹುಡುಗನೂ ಹುಡುಗಿಯೂ ಓದು ಬಿಟ್ಟು ಹೋಗಬಾರದು ಅಂತ ಹಟ ಹಿಡಿದು, ಅದಕ್ಕೊಂದು ವ್ಯವಸ್ಥೆಯನ್ನೇ ಕಟ್ಟಿದ ಮನುಷ್ಯ ಅಂತ ಗೊತ್ತಿರಲಿಲ್ಲ. ಅವರ ಕಥೆಯನ್ನು ಈ ಸಂಚಿಕೆಯಲ್ಲಿ ನಿಮಗೂ ಹೇಳೋಣ ಅನ್ನಿಸ್ತು.

ಉಪ್ಪಿನ ಪೀಪಾಯಿ ಮೇಲಿನ 18

ಬುಕರ್ ಹುಟ್ಟಿದ್ದು 1856ರಲ್ಲಿ, ಅಮೆರಿಕದ ವರ್ಜೀನಿಯಾ ರಾಜ್ಯದ ಒಂದು ತೋಟದಲ್ಲಿ. ತಾಯಿ ಜೇನ್ ಆ ತೋಟದ ಅಡುಗೆಯವಳು, ಗುಲಾಮಳು. ಹಾಗಾಗಿ ಮಗನೂ ಹುಟ್ಟುತ್ತಲೇ ಗುಲಾಮ. ತಂದೆ ಯಾರೋ ಬಿಳಿಯ, ಯಾರು ಅಂತ ಕೊನೆವರೆಗೂ ಅವನಿಗೆ ತಿಳಿಯಲಿಲ್ಲ. ಹುಟ್ಟಿದ ತಾರೀಕೂ ಸರಿಯಾಗಿ ಗೊತ್ತಿರಲಿಲ್ಲ. ಯಜಮಾನನ ಮನೆ ಮಕ್ಕಳ ಪುಸ್ತಕದ ಚೀಲ ಹೊತ್ತು ಸ್ಕೂಲಿನ ಬಾಗಿಲ ತನಕ ಹೋಗಿ ಬರುವುದು, ಅಷ್ಟೇ ಅವನಿಗೂ ಶಾಲೆಗೂ ಇದ್ದ ಸಂಬಂಧ.

1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆ ಆಯ್ತು. ತಾಯಿ ಮಕ್ಕಳನ್ನು ಕರೆದುಕೊಂಡು ವೆಸ್ಟ್ ವರ್ಜೀನಿಯಾದ ಮಾಲ್ಡನ್ ಅನ್ನೋ ಊರಿಗೆ ಹೋದಳು. ಅಲ್ಲಿ ಮಲತಂದೆಗೆ ಉಪ್ಪಿನ ಕಾರ್ಖಾನೆಯಲ್ಲಿ ಕೆಲಸ. ಒಂಬತ್ತು ಹತ್ತು ವರ್ಷದ ಬುಕರನೂ ಅಲ್ಲೇ ಪೀಪಾಯಿಗಳಿಗೆ ಉಪ್ಪು ತುಂಬುವ ಕೆಲಸಕ್ಕೆ ನಿಂತ. ಪ್ರತಿಯೊಬ್ಬ ಕೆಲಸಗಾರನ ಪೀಪಾಯಿಗೂ ಒಂದು ನಂಬರ್ ಇರುತ್ತಿತ್ತು. ಅವನ ಮಲತಂದೆಯದು 18. ದಿನಾ ಸಂಜೆ ಮೇಸ್ತ್ರಿ ಬಂದು ಬರೆಯುತ್ತಿದ್ದ ಆ ಎರಡು ಅಂಕಿಗಳೇ ಬುಕರ್ ಮೊದಲು ಓದಲು ಕಲಿತ ಬರಹ. ನಾವೆಲ್ಲ ಎಬಿಸಿಡಿ ಚಾರ್ಟ್ ನೋಡಿ ಕಲಿತವರು. ಅವನು ಪೀಪಾಯಿ ನೋಡಿ ಕಲಿತ.

ಊರಲ್ಲಿ ಕಪ್ಪು ಜನರ ಮಕ್ಕಳಿಗೆ ಶಾಲೆ ಶುರುವಾಯ್ತು. ಆದರೆ ಮಲತಂದೆ ಕೆಲಸ ಬಿಡಿಸಲು ಒಪ್ಪಲಿಲ್ಲ. ಕೊನೆಗೆ ಒಂದು ರಾಜಿ: ಬೆಳಗ್ಗೆ ಬೇಗ ಎದ್ದು ಒಂಬತ್ತು ಗಂಟೆವರೆಗೆ ಕಾರ್ಖಾನೆ, ಆಮೇಲೆ ಶಾಲೆ, ಶಾಲೆ ಬಿಟ್ಟ ಮೇಲೆ ಮತ್ತೆ ಎರಡು ಗಂಟೆ ಕೆಲಸ. ತಮಾಷೆ ಏನಂದ್ರೆ ಶಾಲೆ ಶುರುವಾಗುವುದೂ ಒಂಬತ್ತಕ್ಕೇ! ದಿನಾ ಲೇಟ್. ಹುಡುಗ ಒಂದು ಉಪಾಯ ಮಾಡಿದ. ಕಾರ್ಖಾನೆಯ ಗಡಿಯಾರದ ಮುಳ್ಳನ್ನು ದಿನಾ ಎಂಟೂವರೆಯಿಂದ ಒಂಬತ್ತಕ್ಕೆ ತಿರುಗಿಸತೊಡಗಿದ. ನೂರು ಜನ ಕೆಲಸಗಾರರು ನೋಡುವ ಗಡಿಯಾರ ಅದು. ಸ್ವಲ್ಪ ದಿನದಲ್ಲೇ ಮೇಲಿನವರಿಗೆ ಅನುಮಾನ ಬಂದು ಗಡಿಯಾರವನ್ನು ಪೆಟ್ಟಿಗೆಯೊಳಗೆ ಹಾಕಿ ಬೀಗ ಹಾಕಿದರು. ಅಟೆಂಡೆನ್ಸ್‌ಗಾಗಿ ನಾವು ಮಾಡುವ ಕಸರತ್ತೆಲ್ಲ ಇದರ ಮುಂದೆ ಏನೂ ಅಲ್ಲ.

ಆಮೇಲೆ ಕಲ್ಲಿದ್ದಲ ಗಣಿ. ಬಾಯಿಯಿಂದ ಒಳಗೆ ಒಂದು ಮೈಲಿ ಕತ್ತಲೆಯಲ್ಲಿ ನಡೆಯಬೇಕು. ದೀಪ ಆರಿಹೋದರೆ ದಾರಿ ತಪ್ಪುವ ಭಯ. ಶಾಲೆಯೂ ಬಿಟ್ಟುಹೋಯಿತು. ಅಂದ್ರೆ ಇವತ್ತಿನ ಲೆಕ್ಕದಲ್ಲಿ ಅವನೂ ಒಬ್ಬ ಡ್ರಾಪ್‌ಔಟ್. ಆ ಗಣಿಯಲ್ಲೇ ಇಬ್ಬರು ಕೆಲಸಗಾರರು ಮಾತಾಡಿಕೊಳ್ಳುವುದು ಅವನ ಕಿವಿಗೆ ಬಿತ್ತು. ಹ್ಯಾಂಪ್ಟನ್ ಅನ್ನೋ ಕಡೆ ಕಪ್ಪು ಜನರಿಗಾಗಿ ದೊಡ್ಡ ಶಾಲೆ ಇದೆಯಂತೆ, ದುಡ್ಡಿಲ್ಲದವರು ಕೆಲಸ ಮಾಡಿ ಖರ್ಚು ತೀರಿಸಬಹುದಂತೆ, ಜೊತೆಗೆ ಒಂದು ಕಸುಬೂ ಕಲಿಸುತ್ತಾರಂತೆ. ಕತ್ತಲೆಯಲ್ಲಿ ಸದ್ದಾಗದ ಹಾಗೆ ತೆವಳಿಕೊಂಡು ಹತ್ತಿರ ಹೋಗಿ ಪೂರ್ತಿ ಕೇಳಿಸಿಕೊಂಡ.

ಪೊರಕೆಯೇ ಎಂಟ್ರೆನ್ಸ್ ಎಕ್ಸಾಮ್

1872ರಲ್ಲಿ, ಹದಿನಾರರ ಆಸುಪಾಸಿನಲ್ಲಿ ಬುಕರ್ ಹೊರಟ. ಅವನ ಅಂದಾಜಿನಲ್ಲಿ ಹ್ಯಾಂಪ್ಟನ್ 500 ಮೈಲಿ ದೂರ. ಗುಲಾಮರಾಗಿಯೇ ಜೀವನ ಕಳೆದಿದ್ದ ಊರಿನ ಮುದುಕ ಮುದುಕಿಯರು ಐದು ಸೆಂಟು, ಇಪ್ಪತ್ತೈದು ಸೆಂಟು, ಇಲ್ಲ ಒಂದು ಕರವಸ್ತ್ರ, ಏನಿತ್ತೋ ಅದನ್ನು ಕೈಗಿಟ್ಟು ಕಳಿಸಿದರು. ಸ್ವಲ್ಪ ದೂರ ಗಾಡಿ, ಸ್ವಲ್ಪ ದೂರ ನಡಿಗೆ. ದಾರಿಯಲ್ಲಿ ಬಣ್ಣ ನೋಡಿ ಹೋಟೆಲಿನಲ್ಲಿ ಜಾಗ ಕೊಡಲಿಲ್ಲ. ರಿಚ್ಮಂಡ್ ತಲುಪುವಾಗ ಜೇಬು ಖಾಲಿ. ಹಲಗೆ ಹಾಸಿದ ಫುಟ್‌ಪಾತಿನ ಕೆಳಗೆ ನುಸುಳಿ ರಾತ್ರಿ ಮಲಗಿದ. ಹಗಲು ಹಡಗಿನಿಂದ ಕಬ್ಬಿಣ ಇಳಿಸುವ ಕೂಲಿ ಮಾಡಿ ಮುಂದಿನ ದಾರಿಗೆ ದುಡ್ಡು ಕೂಡಿಸಿದ. ಹ್ಯಾಂಪ್ಟನ್ ಮುಟ್ಟಿದಾಗ ಉಳಿದಿದ್ದು 50 ಸೆಂಟ್.

ಕೊಳೆ ಬಟ್ಟೆಯ ಆ ಹುಡುಗನನ್ನು ನೋಡಿ ಮುಖ್ಯ ಟೀಚರ್ ಮೇರಿ ಮ್ಯಾಕಿ ಬೇಗ ಒಪ್ಪಲಿಲ್ಲ. ಗಂಟೆಗಟ್ಟಲೆ ಕಾಯಿಸಿ, ಪಕ್ಕದ ಕ್ಲಾಸ್‌ರೂಮ್ ಗುಡಿಸಲು ಹೇಳಿದರು. ಬುಕರ್ ಮೂರು ಸಲ ಗುಡಿಸಿದ, ನಾಲ್ಕು ಸಲ ಧೂಳು ಒರೆಸಿದ. ಮೇಡಂ ಬಂದು ಕರವಸ್ತ್ರದಿಂದ ಗೋಡೆಯ ಮರ, ಮೇಜು, ಬೆಂಚು ಉಜ್ಜಿ ನೋಡಿದರು. ಒಂದು ಕಣ ಧೂಳಿಲ್ಲ. ಸೀಟು ಸಿಕ್ಕಿತು, ಜೊತೆಗೆ ಜಾಡಮಾಲಿ ಕೆಲಸವೂ. ಬೆಳಗಿನ ಜಾವ ಎದ್ದು ರೂಮುಗಳನ್ನು ಸ್ವಚ್ಛ ಮಾಡಿ ಊಟ ವಸತಿ ಖರ್ಚು ತೀರಿಸುತ್ತಿದ್ದ. ಫೀಸನ್ನು ಒಬ್ಬ ದಾನಿ ಕಟ್ಟಿದರು. ಹಾಸ್ಟೆಲ್ ಬದುಕೇ ಅವನಿಗೆ ಹೊಸದು. ಹಾಸಿಗೆ ಮೇಲೆ ಎರಡು ಬೆಡ್‌ಶೀಟ್ ಯಾಕೆ ಅಂತ ತಿಳಿಯದೆ ಮೊದಲ ರಾತ್ರಿ ಎರಡರ ಕೆಳಗೂ ಮಲಗಿದ, ಎರಡನೇ ರಾತ್ರಿ ಎರಡರ ಮೇಲೂ ಮಲಗಿದ. ಬೇರೆ ಹುಡುಗರನ್ನು ನೋಡಿ ಮೂರನೇ ದಿನ ಗೊತ್ತಾಯ್ತು. ಹಳ್ಳಿಯಿಂದ ಮೊದಲ ಸಲ ಹಾಸ್ಟೆಲಿಗೆ ಬಂದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಓದುತ್ತಿದ್ದಾಗಲೇ ತಾಯಿ ತೀರಿಕೊಂಡಳು. ಅಣ್ಣ ಜಾನ್ ಗಣಿಯಲ್ಲಿ ದುಡಿದು ತಮ್ಮನಿಗೆ ನೆರವಾದ. 1875ರಲ್ಲಿ ಹ್ಯಾಂಪ್ಟನ್ ಮುಗಿಸಿ ಬುಕರ್ ಮಾಲ್ಡನ್‌ಗೆ ಮೇಷ್ಟ್ರಾಗಿ ವಾಪಸ್ ಬಂದರು. ಆಮೇಲೆ ತಾವು ಅಣ್ಣನನ್ನು ಹ್ಯಾಂಪ್ಟನ್‌ಗೆ ಕಳಿಸಿ ಓದಿಸಿದರು.

ಹಗಲು ಹತ್ತು ಗಂಟೆ, ರಾತ್ರಿ ಎರಡು ಗಂಟೆ

ಸ್ವಲ್ಪ ವರ್ಷಗಳ ನಂತರ ಹ್ಯಾಂಪ್ಟನ್‌ನ ಮುಖ್ಯಸ್ಥ ಜನರಲ್ ಸ್ಯಾಮ್ಯುಯೆಲ್ ಆರ್ಮ್‌ಸ್ಟ್ರಾಂಗ್ ಅವರನ್ನು ವಾಪಸ್ ಕರೆಸಿಕೊಂಡರು. ಆಗ ಅಲ್ಲಿ ಒಂದು ಸಮಸ್ಯೆ. ಓದಬೇಕು ಅಂತ ಬರುವ ಎಷ್ಟೋ ಮಕ್ಕಳಿಗೆ ಊಟದ ಖರ್ಚು ಕೊಡಲೂ ಶಕ್ತಿಯಿಲ್ಲ, ಅವರನ್ನು ವಾಪಸ್ ಕಳಿಸಬೇಕಾಗಿತ್ತು. ಅವರಿಗಾಗಿ ಒಂದು ರಾತ್ರಿ ಶಾಲೆ ಶುರುಮಾಡಿ ಬುಕರ್ ಕೈಗೆ ಕೊಟ್ಟರು. ನಿಯಮ ಸರಳ. ಹಗಲು ಹತ್ತು ಗಂಟೆ ಕೆಲಸ: ಹುಡುಗರಿಗೆ ಮರ ಕೊಯ್ಯುವ ಮಿಲ್, ಹುಡುಗಿಯರಿಗೆ ಲಾಂಡ್ರಿ. ರಾತ್ರಿ ಎರಡು ಗಂಟೆ ಪಾಠ. ದುಡಿದ ಕೂಲಿಯಲ್ಲಿ ಊಟದ ಖರ್ಚು ಕಳೆದು ಮಿಕ್ಕಿದ್ದು ಶಾಲೆಯಲ್ಲೇ ಅವರ ಹೆಸರಲ್ಲಿ ಜಮಾ. ಒಂದೆರಡು ವರ್ಷದಲ್ಲಿ ಆ ಜಮೆಯ ಮೇಲೆ ಅವರು ಹಗಲು ಶಾಲೆಗೆ ಸೇರಬಹುದು.

ಸುಮಾರು ಹನ್ನೆರಡು ಜನರಿಂದ ಶುರುವಾಯ್ತು. ಹತ್ತು ಗಂಟೆ ಮೈಮುರಿದ ಮೇಲೂ ಅವರು ಮಲಗುವ ಗಂಟೆ ಹೊಡೆದರೂ ಪುಸ್ತಕ ಬಿಡುತ್ತಿರಲಿಲ್ಲವಂತೆ. ಎಂಟು ಗಂಟೆ ಕ್ಲಾಸು ಮುಗಿಸಿ ಬಂದು ಸುಸ್ತು ಅಂತ ಮಲಗುವ ನಮಗೆ ಇದನ್ನು ಓದಿ ಸ್ವಲ್ಪ ನಾಚಿಕೆಯೇ ಆಯ್ತು.

ಕೊಡೆ ಹಿಡಿದು ಪಾಠ

1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿ ಊರಿನಿಂದ ಹ್ಯಾಂಪ್ಟನ್‌ಗೆ ಪತ್ರ ಬಂತು. ಕಪ್ಪು ಜನರಿಗೆ ಟೀಚರುಗಳನ್ನು ತಯಾರು ಮಾಡುವ ಶಾಲೆಗೆ ಒಬ್ಬ ಮುಖ್ಯಸ್ಥರು ಬೇಕಾಗಿತ್ತು. ಆ ಶಾಲೆ ಬರಲು ಕಾರಣ ಲೂಯಿಸ್ ಆಡಮ್ಸ್ ಅನ್ನೋ ಮಾಜಿ ಗುಲಾಮ. ಶಾಲೆಗೇ ಹೋಗದೆ ಓದು ಬರಹ ಕಲಿತು, ತಗಡಿನ ಕೆಲಸ, ಶೂ ಕೆಲಸ, ಕುದುರೆ ಜೀನಿನ ಕೆಲಸ ಎಲ್ಲ ಬಲ್ಲವರಾಗಿದ್ದರು. ಚುನಾವಣೆ ಹೊತ್ತಿನಲ್ಲಿ ಕಪ್ಪು ಜನರ ವೋಟು ಬೇಕಾದರೆ ಶಾಲೆ ಕೊಡಿ ಅಂತ ರಾಜಕಾರಣಿಗಳ ಹತ್ತಿರ ಒಪ್ಪಂದ ಮಾಡಿಕೊಂಡವರು ಅವರೇ.

ಆರ್ಮ್‌ಸ್ಟ್ರಾಂಗ್ ಬುಕರ್ ಹೆಸರು ಸೂಚಿಸಿದರು. ಆಗ ವಯಸ್ಸು 25. ಹೋಗಿ ನೋಡಿದರೆ ಶಾಲೆ ಇರಲಿ, ಅದಕ್ಕೊಂದು ಜಾಗವೂ ಇಲ್ಲ. ಸರ್ಕಾರ ವರ್ಷಕ್ಕೆ 2,000 ಡಾಲರ್ ಕೊಟ್ಟಿತ್ತು, ಅದೂ ಟೀಚರುಗಳ ಸಂಬಳಕ್ಕೆ ಮಾತ್ರ. 1881ರ ಜುಲೈ 4ರಂದು ಒಂದು ಚರ್ಚು ಮತ್ತು ಪಕ್ಕದ ಮುರುಕು ಗುಡಿಸಲಿನಲ್ಲಿ 30 ವಿದ್ಯಾರ್ಥಿಗಳೊಂದಿಗೆ ಶಾಲೆ ತೆರೆಯಿತು. ಮಳೆ ಬಂದರೆ ಸೋರುತ್ತಿತ್ತು. ಒಬ್ಬ ವಿದ್ಯಾರ್ಥಿ ಎದ್ದು ಬಂದು ಮೇಷ್ಟ್ರ ತಲೆ ಮೇಲೆ ಕೊಡೆ ಹಿಡಿಯುತ್ತಿದ್ದ, ಅವರು ಪಾಠ ಮುಂದುವರಿಸುತ್ತಿದ್ದರು.

ಶಾಲೆ ತೆರೆಯುವ ಮೊದಲು ಅವರು ಒಂದು ತಿಂಗಳು ಸುತ್ತಲಿನ ಹಳ್ಳಿಗಳನ್ನು ತಿರುಗಿದರು. ಜನರ ಜೊತೆ ಉಂಡರು, ಅವರ ಗುಡಿಸಲಲ್ಲೇ ಮಲಗಿದರು. ಒಂದು ಮನೆಯಲ್ಲಿ ಕಂತಿನ ಮೇಲೆ ತಂದ 60 ಡಾಲರಿನ ಆರ್ಗನ್ ಇತ್ತು, ಊಟಕ್ಕೆ ಕೂತರೆ ಐದು ಜನಕ್ಕೆ ಒಂದೇ ಫೋರ್ಕ್. ಇನ್ನೊಂದು ಕಡೆ ಸುತ್ತ ಕಳೆ ಬೆಳೆದ ಗುಡಿಸಲಲ್ಲಿ, ಜಿಡ್ಡು ಹತ್ತಿದ ಬಟ್ಟೆಯ ಹುಡುಗನೊಬ್ಬ ಫ್ರೆಂಚ್ ವ್ಯಾಕರಣ ಓದ್ತಾ ಕೂತಿದ್ದ. ಶಾಲೆಗೆ ಬಂದವರಲ್ಲೂ ಹೀಗೇ. ಬ್ಯಾಂಕಿನ ಬಡ್ಡಿ ಲೆಕ್ಕ ಬಾಯಿಪಾಠ, ಆದರೆ ಅವರ ಊರಲ್ಲಿ ಬ್ಯಾಂಕ್ ಖಾತೆ ಇರುವವರು ಹೆಚ್ಚು ಕಡಿಮೆ ಯಾರೂ ಇಲ್ಲ. ದೊಡ್ಡ ಹೆಸರಿನ ದೊಡ್ಡ ಪುಸ್ತಕಗಳ ಮೇಲೆ ಮೋಹ, ಮಗ್ಗಿ ಮಾತ್ರ ಸರಿಯಾಗಿ ಬರದು. ಇಲ್ಲಿ ನಾವು ಓದುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಫೋರಿಯರ್ ಸೀರೀಸ್ ಬರೆದು ಮಾರ್ಕ್ಸ್ ತೆಗೆದ ನಮಗೆ ಹಾಸ್ಟೆಲಿನ ಫ್ಯಾನ್ ಕೆಟ್ಟರೆ ಎಲೆಕ್ಟ್ರಿಷಿಯನ್ ಅಣ್ಣನೇ ಬರಬೇಕು!

ನಾಲ್ಕನೇ ಗೂಡು

ಊರಾಚೆ ಪಾಳು ಬಿದ್ದ 100 ಎಕರೆ ತೋಟ 500 ಡಾಲರಿಗೆ ಮಾರಾಟಕ್ಕಿತ್ತು. ಅರ್ಧ ಮೊದಲೇ ಕೊಡಬೇಕು. ಹ್ಯಾಂಪ್ಟನ್‌ನ ಖಜಾಂಚಿ ಜನರಲ್ ಮಾರ್ಷಲ್ ಸ್ವಂತ ದುಡ್ಡಿನಿಂದ 250 ಡಾಲರ್ ಸಾಲ ಕೊಟ್ಟರು. ಅಲ್ಲಿದ್ದ ಕುದುರೆ ಲಾಯ, ಕೋಳಿ ಗೂಡು ಎಲ್ಲ ತೊಳೆದು ಕ್ಲಾಸ್‌ರೂಮ್ ಮಾಡಿಕೊಂಡರು. ಜಮೀನಿನ ಪೊದೆ ಕಡಿಯುವ ದಿನ ವಿದ್ಯಾರ್ಥಿಗಳು ಮುಖ ಸಿಂಡರಿಸಿದರು. ಓದಲು ಬಂದವರು ನಾವು, ಕೊಡಲಿ ಯಾಕೆ ಹಿಡಿಯಬೇಕು ಅನ್ನೋ ಭಾವ. ಗುಲಾಮಗಿರಿಯಲ್ಲಿ ಇನ್ನೂರು ವರ್ಷಕ್ಕೂ ಹೆಚ್ಚು ಬರೀ ಮೈಕೆಲಸ ಮಾಡಿದ ಜನರ ಮಕ್ಕಳಿಗೆ ಹಾಗನ್ನಿಸಿದ್ದು ತಪ್ಪೂ ಅಲ್ಲ. ಬುಕರ್ ಭಾಷಣ ಮಾಡಲಿಲ್ಲ. ದಿನಾ ಕ್ಲಾಸ್ ಆದ ಮೇಲೆ ತಾವೇ ಕೊಡಲಿ ಹಿಡಿದು ಕಾಡಿಗೆ ನಡೆದರು. ಮೇಷ್ಟ್ರೇ ಕಡಿಯುವುದನ್ನು ನೋಡಿ ಒಬ್ಬೊಬ್ಬರಾಗಿ ಬಂದರು. 20 ಎಕರೆ ಸಾಫಾಗಿ ಬೆಳೆ ಬಂತು. ಸಹಶಿಕ್ಷಕಿ ಒಲಿವಿಯಾ ಡೇವಿಡ್‌ಸನ್ ಮನೆಮನೆ ತಿರುಗಿ, ತಿಂಡಿ ಮಾರಾಟ ಇಟ್ಟು ಹಣ ಕೂಡಿಸಿದರು. ಸಾಲ ತೀರಿತು. (ಒಲಿವಿಯಾ ಮುಂದೆ ಬುಕರ್ ಅವರ ಎರಡನೇ ಹೆಂಡತಿಯಾದರು, 1889ರಲ್ಲಿ ತೀರಿಕೊಂಡರು. ಮೊದಲ ಹೆಂಡತಿ ಫ್ಯಾನಿ 1884ರಲ್ಲೇ ಹೋಗಿದ್ದರು.)

ಈಗ ಕಟ್ಟಡ. ಊರಲ್ಲಿ ಇಟ್ಟಿಗೆ ಮಾಡುವವರೇ ಇಲ್ಲ. ಸರಿ, ನಾವೇ ಮಾಡೋಣ ಅಂದರು. ಸರಿಯಾದ ಜೇಡಿಮಣ್ಣು ಹುಡುಕಿ ಹಲವು ಕಡೆ ಅಗೆದರು. ಮೊಣಕಾಲವರೆಗೆ ಕೆಸರಲ್ಲಿ ನಿಂತು ಮಣ್ಣು ಹದ ಮಾಡುವ ಕೆಲಸ. ಬೇರೆಲ್ಲ ಕೆಲಸಕ್ಕೆ ಒಗ್ಗಿದ್ದವರು ಇದಕ್ಕೆ ಬೇಸತ್ತರು. ಹಲವರು ಶಾಲೆಯನ್ನೇ ಬಿಟ್ಟು ಹೋದರು. ಇದನ್ನು ಬುಕರ್ ತಮ್ಮ ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ.

ಅಚ್ಚು ಹಾಕಿದ 25,000 ಇಟ್ಟಿಗೆಗಳನ್ನು ಮೊದಲ ಗೂಡಿನಲ್ಲಿಟ್ಟು ಸುಟ್ಟರು. ಗೂಡು ಸರಿ ಕಟ್ಟಿರಲಿಲ್ಲ, ಇಟ್ಟಿಗೆ ಬೇಯಲಿಲ್ಲ. ಎರಡನೇ ಗೂಡೂ ಕೈಕೊಟ್ಟಿತು. ಇಟ್ಟಿಗೆ ಸುಡುವುದು ಅಂದ್ರೆ ಸುಮ್ಮನೆ ಬೆಂಕಿ ಹಚ್ಚುವುದಲ್ಲ. ಮಣ್ಣಿನ ತೇವ ಪೂರ್ತಿ ಹೋಗುವವರೆಗೆ ಸಣ್ಣ ಉರಿ ಬೇಕು, ಆಮೇಲೆ ನಿಧಾನವಾಗಿ ಶಾಖ ಏರಿಸಿ ದಿನಗಟ್ಟಲೆ ಹಾಗೇ ಉಳಿಸಬೇಕು, ಗೂಡಿನ ಎಲ್ಲ ಮೂಲೆಗೂ ಬಿಸಿ ಒಂದೇ ಸಮ ಮುಟ್ಟಬೇಕು. ಮೂರನೇ ಸಲ ಎಲ್ಲ ಸರಿ ಇದೆ ಅನ್ನಿಸಿತ್ತು. ವಾರದ ಸುಡುವಿಕೆ ಮುಗಿಯುವ ಹೊತ್ತಿಗೆ, ನಡುರಾತ್ರಿ, ಗೂಡು ಕುಸಿದು ಬಿತ್ತು.

ಕೈಯಲ್ಲಿ ಒಂದು ಡಾಲರ್ ಉಳಿದಿರಲಿಲ್ಲ. ಟೀಚರುಗಳೇ ಬಿಟ್ಟುಬಿಡೋಣ ಅಂದರು. ಬುಕರ್ ತಮ್ಮ ಕೈಗಡಿಯಾರವನ್ನಲ್ಲ, ಆಗಿನ ಕಾಲದ ಜೇಬಿನ ಗಡಿಯಾರವನ್ನು ಮಾಂಟ್ಗೊಮರಿ ಪಟ್ಟಣಕ್ಕೆ ಒಯ್ದು ಗಿರವಿ ಇಟ್ಟರು. ಸಿಕ್ಕಿದ್ದು 15 ಡಾಲರ್. ಬೇಸತ್ತಿದ್ದವರನ್ನು ಮತ್ತೆ ಸೇರಿಸಿ ನಾಲ್ಕನೇ ಗೂಡು ಹಚ್ಚಿದರು. ಈ ಸಲ ಇಟ್ಟಿಗೆ ಬೆಂದಿತು. ಗಡಿಯಾರ ಬಿಡಿಸಿಕೊಳ್ಳುವ ಹೊತ್ತಿಗೆ ಗಿರವಿ ಅವಧಿ ಮುಗಿದು ಹೋಗಿತ್ತು.

ಆಮೇಲಿನ ಕಥೆ ನಮಗೆ ಇನ್ನೂ ಮುಖ್ಯ ಅನ್ನಿಸ್ತು. ಒಳ್ಳೆ ಇಟ್ಟಿಗೆ ಅಂತ ಊರಿನ ಬಿಳಿಯರೂ ಕೊಳ್ಳಲು ಬಂದರು. ಕಪ್ಪು ಜನರ ಶಾಲೆ ಅಂದರೆ ಮೂಗು ಮುರಿಯುತ್ತಿದ್ದವರೇ ವ್ಯಾಪಾರಕ್ಕೆ ಬಾಗಿಲಿಗೆ ಬಂದರು. 1900ರ ಹೊತ್ತಿಗೆ ವಿದ್ಯಾರ್ಥಿಗಳು ಒಂದು ಸೀಸನ್ನಿನಲ್ಲಿ 12 ಲಕ್ಷ ಇಟ್ಟಿಗೆ ಮಾಡುತ್ತಿದ್ದರು. ಆಗ ಕ್ಯಾಂಪಸ್ಸಿನಲ್ಲಿ ಚಿಕ್ಕದು ದೊಡ್ಡದು ಸೇರಿ 40 ಕಟ್ಟಡ, ನಾಲ್ಕು ಬಿಟ್ಟು ಉಳಿದೆಲ್ಲ ಹೆಚ್ಚು ಕಡಿಮೆ ವಿದ್ಯಾರ್ಥಿಗಳೇ ಕಟ್ಟಿದ್ದು.

ಬಿಟ್ಟು ಹೋಗದ ಹಾಗೆ

1884ರಲ್ಲಿ ಟಸ್ಕೀಗಿಯಲ್ಲೂ ರಾತ್ರಿ ಶಾಲೆ ತೆರೆದರು. ಅದರ ಅಡ್ಮಿಷನ್ ರೂಲ್ ಉಲ್ಟಾ: ಹಗಲು ಶಾಲೆಯ ಊಟದ ಖರ್ಚು ಕೊಡಲು ಶಕ್ತಿ ಇರುವವರಿಗೆ ಅಲ್ಲಿ ಪ್ರವೇಶ ಇಲ್ಲ! ಇಲ್ಲೂ ಹನ್ನೆರಡರಷ್ಟು ಜನರಿಂದ ಶುರುವಾಗಿ, ಆತ್ಮಕಥೆ ಬರೆಯುವ ಹೊತ್ತಿಗೆ 457 ಜನ ಇದ್ದರು. ರಾತ್ರಿ ಶಾಲೆ ದಾಟಿ ಹಗಲು ಶಾಲೆಗೆ ಬಂದವರಿಗೆ ವಾರದಲ್ಲಿ ನಾಲ್ಕು ದಿನ ಪಾಠ, ಎರಡು ದಿನ ಕಸುಬು. ಎಷ್ಟು ಅನುಕೂಲಸ್ಥರಾದರೂ ಕೈಕೆಲಸ ತಪ್ಪಿಸಿಕೊಳ್ಳುವ ಹಾಗಿಲ್ಲ. ಇದೇ ಗುಟ್ಟು ಅಂತ ನಮಗನ್ನಿಸುತ್ತೆ. ಬಡವರಿಗೆ ಮಾತ್ರ ಕಸುಬು, ಉಳಿದವರಿಗೆ ಪುಸ್ತಕ ಅಂತ ಮಾಡಿದ್ದರೆ ಕಸುಬು ಕಲಿಯುವುದು ಅವಮಾನ ಆಗುತ್ತಿತ್ತು, ಅವಮಾನ ಆದವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು.

ಅಪ್ಪ ಅಮ್ಮಂದಿರ ವಿರೋಧವೂ ಕಡಿಮೆ ಇರಲಿಲ್ಲ. ನಮ್ಮ ಮಕ್ಕಳಿಗೆ ಪುಸ್ತಕ ಕಲಿಸಿ, ಕೆಲಸ ಮಾಡಿಸಬೇಡಿ ಅಂತ ಪತ್ರ ಬರುತ್ತಿತ್ತು. ಬುಕರ್ ರಾಜ್ಯವೆಲ್ಲ ಸುತ್ತಿ ಅವರ ಜೊತೆ ಮಾತಾಡಿದರು. ಹಲ್ಲುಜ್ಜುವುದರಿಂದ ಹಿಡಿದು ಹಾಸಿಗೆ ಸರಿ ಮಾಡುವ ತನಕ ಎಲ್ಲವನ್ನೂ ಕಲಿಸಬೇಕಿತ್ತು, ಕಲಿಸಿದರು. ಒಳ್ಳೆ ಟೀಚರುಗಳನ್ನು ಹುಡುಕಿ ತಂದರು. ಎಂಐಟಿಯಿಂದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ರಾಬರ್ಟ್ ಟೇಲರ್ 1892ರಲ್ಲಿ ಬಂದು ಇಲ್ಲಿನ ಎಷ್ಟೋ ಕಟ್ಟಡಗಳ ನಕ್ಷೆ ಬರೆದರು. ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಬಂದರು. ಶಾಲೆಗೆ ಬರಲಾಗದ ರೈತರ ಹತ್ತಿರಕ್ಕೆ ಶಾಲೆಯೇ ಹೋಗಲಿ ಅಂತ 1906ರಲ್ಲಿ ಕುದುರೆ ಗಾಡಿಯ ಮೇಲೊಂದು ಸಂಚಾರಿ ಶಾಲೆ ಹೊರಟಿತು. ಗಣಿಯಲ್ಲಿ ದುಡಿದು ತಮ್ಮನನ್ನು ಓದಿಸಿದ್ದ ಅಣ್ಣ ಜಾನ್ ಟಸ್ಕೀಗಿಯ ಕಸುಬು ವಿಭಾಗಗಳ ಮೇಲ್ವಿಚಾರಕರಾದರು.

ಇನ್ನೊಂದು ಮಗ್ಗುಲು

ಇಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಕಥೆ. 1895ರಲ್ಲಿ ಅಟ್ಲಾಂಟಾದಲ್ಲಿ ಬುಕರ್ ಮಾಡಿದ ಭಾಷಣ ಅವರನ್ನು ದೇಶಕ್ಕೇ ನಾಯಕರನ್ನಾಗಿ ಮಾಡಿತು. ಸಾಮಾಜಿಕ ಸಮಾನತೆಗೆ ಈಗಲೇ ಹೋರಾಟ ಬೇಡ, ಮೊದಲು ಕಸುಬು, ಜಮೀನು, ಉಳಿತಾಯ ಅನ್ನೋದು ಅದರ ಸಾರ. ಬಿಳಿಯರಿಗೆ ಇದು ಬಹಳ ಹಿಡಿಸಿತು. ಆದರೆ ಅದೇ ಕಾಲದಲ್ಲಿ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಕಪ್ಪು ಜನರ ವೋಟಿನ ಹಕ್ಕು ಕಿತ್ತುಕೊಳ್ಳುತ್ತಿದ್ದವು. ಅಲಬಾಮಾ ಕೂಡ 1901ರಲ್ಲಿ ಹಾಗೇ ಮಾಡಿತು. 1903ರಲ್ಲಿ ಡಬ್ಲ್ಯೂ. ಇ. ಬಿ. ಡುಬಾಯ್ಸ್ ನೇರವಾಗಿ ಟೀಕಿಸಿದರು. ಹಕ್ಕು ಇಲ್ಲದೆ ದುಡಿದು ಗಳಿಸಿದ್ದನ್ನು ಉಳಿಸಿಕೊಳ್ಳುವುದು ಹೇಗೆ, ಕಾಲೇಜು ಶಿಕ್ಷಣ ಇಲ್ಲದಿದ್ದರೆ ಟಸ್ಕೀಗಿಗೇ ಟೀಚರುಗಳು ಎಲ್ಲಿಂದ ಬರಬೇಕು ಅನ್ನೋದು ಅವರ ಪ್ರಶ್ನೆ. ವೋಟಿನ ಹಕ್ಕಿನ ಕೇಸುಗಳಿಗೆ ಬುಕರ್ ಗುಟ್ಟಾಗಿ ಹಣ ಕೊಡುತ್ತಿದ್ದರು ಅನ್ನೋದು ಅವರು ಹೋದ ಎಷ್ಟೋ ಕಾಲದ ಮೇಲೆ ಬೆಳಕಿಗೆ ಬಂತು.

ನಮ್ಮೊಳಗೇ ಈ ಬಗ್ಗೆ ಜೋರು ಚರ್ಚೆ ಆಯ್ತು. ಬಡವರ ಮಕ್ಕಳಿಗೆ ಕಸುಬು ಸಾಕು ಅಂತ ಹೇಳಿದರೆ ಅವರನ್ನು ಅಲ್ಲೇ ಕೂರಿಸಿದ ಹಾಗೆ ಆಗಲ್ವಾ ಅಂತ ಒಬ್ಬರು. ಮೊದಲು ಹೊಟ್ಟೆ ತುಂಬಬೇಕಲ್ವಾ ಅಂತ ಇನ್ನೊಬ್ಬರು. ಕೊನೆಗೆ ನಾವು ಒಪ್ಪಿದ್ದು ಇಷ್ಟು: ಕಸುಬಿನಿಂದ ಮೇಲಕ್ಕೆ ಹೋಗುವ ಬಾಗಿಲು ತೆರೆದಿರಬೇಕು. ರಾತ್ರಿ ಶಾಲೆಯಿಂದ ಹಗಲು ಶಾಲೆಗೆ ದಾರಿ ಇದ್ದ ಹಾಗೆ, ಡಿಪ್ಲೊಮಾದಿಂದ ಬಿಇಗೆ ನಮ್ಮಲ್ಲೂ ದಾರಿ ಇದೆ. ಆದರೆ ಬಾಗಿಲು ತೆರೆದರೆ ಸಾಲದು, ಒಳಗೆ ಬಂದವರನ್ನು ಉಳಿಸಿಕೊಳ್ಳಬೇಕು.

1915ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಬುಕರ್ ಆರೋಗ್ಯ ಪೂರ್ತಿ ಕೆಟ್ಟಿತು. ಟಸ್ಕೀಗಿಯಲ್ಲೇ ಸಾಯಬೇಕು ಅಂತ ರೈಲಿನಲ್ಲಿ ಹೊರಟು ಊರು ಮುಟ್ಟಿದರು. ಕೆಲವೇ ಗಂಟೆಗಳಲ್ಲಿ, ನವೆಂಬರ್ 14ರಂದು ತೀರಿಕೊಂಡರು. ವಯಸ್ಸು 59. ಕೊಡೆ ಹಿಡಿದು ಶುರುವಾದ ಶಾಲೆಯಲ್ಲಿ ಆಗ 100ಕ್ಕೂ ಹೆಚ್ಚು ಕಟ್ಟಡ, ಸುಮಾರು 1,500 ವಿದ್ಯಾರ್ಥಿಗಳು. ಕ್ಯಾಂಪಸ್ಸಿನಲ್ಲೇ ಅವರ ಸಮಾಧಿ ಇದೆ. ಶಾಲೆ ಇವತ್ತು ಟಸ್ಕೀಗಿ ವಿಶ್ವವಿದ್ಯಾಲಯ. ಅಲ್ಲಿ ಎಂಜಿನಿಯರಿಂಗ್ ಕೂಡ ಕಲಿಸುತ್ತಾರೆ.

ಕೊನೆಗೆ ನಮ್ಮ ಗೆಳೆಯನ ವಿಷಯ. ಹೋದ ವಾರ ನಾವು ನಾಲ್ಕು ಜನ ಗ್ಯಾರೇಜಿಗೆ ಹೋಗಿದ್ವಿ. ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು, ನಮ್ಮನ್ನು ನೋಡಿ ಸಂಕೋಚಪಟ್ಟ. ಟೀ ಕುಡಿಯುತ್ತಾ ಒಂದು ಒಪ್ಪಂದ ಮಾಡಿಕೊಂಡ್ವಿ. ಗ್ಯಾರೇಜ್ ಮುಚ್ಚಿದ ಮೇಲೆ ರಾತ್ರಿ ಎಂಟರಿಂದ ಹತ್ತರವರೆಗೆ ಹಾಸ್ಟೆಲಿನ ಓದುವ ರೂಮಿನಲ್ಲಿ ನಾವು ಅವನಿಗೆ ಕನ್ನಡದಲ್ಲಿ ಮ್ಯಾಥ್ಸ್ ಹೇಳಿಕೊಡ್ತೀವಿ, ಭಾನುವಾರ ಅವನು ನಮಗೆ ಎಂಜಿನ್ ಬಿಚ್ಚಿ ಜೋಡಿಸೋದು ಹೇಳಿಕೊಡ್ತಾನೆ. ಈ ಸೆಮ್ ಅಟೆಂಡೆನ್ಸ್ ಅಂತೂ ಹೋಯಿತು. ಮುಂದಿನ ವರ್ಷ ಮತ್ತೆ ಸೇರೋಕೆ ಏನೇನು ಬೇಕು ಅಂತ ಆಫೀಸಿನಲ್ಲಿ ವಿಚಾರಿಸಿ ಬಂದಿದ್ದೀವಿ. ಸೇರ್ತಾನೋ ಇಲ್ವೋ ಗೊತ್ತಿಲ್ಲ. ಮೊನ್ನೆ ಎಂಟು ಗಂಟೆಗೆ ಬರಬೇಕಾದವನು ಎಂಟೂ ಕಾಲಿಗೆ ಬಂದ. ಬಂದ ಅನ್ನೋದೇ ಸಾಕು.

ನಿಮ್ಮ ಕ್ಲಾಸಿನಲ್ಲೂ ಯಾರಾದರೂ ಸದ್ದಿಲ್ಲದೆ ಬರೋದು ನಿಲ್ಲಿಸಿದ್ದರೆ, ಇವತ್ತೇ ಒಂದು ಫೋನ್ ಮಾಡಿ. ರಾತ್ರಿ ಎಂಟಕ್ಕೆ ನಮ್ಮ ಓದುವ ರೂಮಿನಲ್ಲಿ ಇನ್ನೂ ಜಾಗ ಇದೆ.